91 ಏಳರ ಮಗ್ಗಿಯಲ್ಲಿ ಇದೆಯೇ?

ಪ್ರಶ್ನೆ: ನನ್ನ ಮಗಳು ಐದನೇ ತರಗತಿ. ಹತ್ತರವರೆಗಿನ ಮಗ್ಗಿ ಬಾಯಿಪಾಠವಾಗಿದೆ, ನಿದ್ದೆಗಣ್ಣಲ್ಲೂ ತಪ್ಪದೆ ಹೇಳುತ್ತಾಳೆ. ಆದರೆ ಮೊನ್ನೆ ‘91 ಏಳರ ಅಪವರ್ತ್ಯ ಹೌದೋ ಅಲ್ಲವೋ?’ ಎಂದು ಕೇಳಿದರೆ, ‘ಏಳರ ಮಗ್ಗಿ ಎಪ್ಪತ್ತಕ್ಕೆ ಮುಗಿಯುತ್ತದಲ್ಲ, ಹಾಗಾಗಿ ಅಲ್ಲ’ ಎಂದುಬಿಟ್ಟಳು. 3ಕ್ಕೂ 9ಕ್ಕೂ ಅಂಕಿಗಳನ್ನು ಕೂಡಿ ನೋಡುವ ಉಪಾಯ ಅವಳಿಗೆ ಗೊತ್ತು. ಅದನ್ನೇ 7ಕ್ಕೂ ಹಚ್ಚಿ ತಪ್ಪು ಮಾಡುತ್ತಾಳೆ. ಪೂರ್ತಿ ಭಾಗಾಕಾರ ಮಾಡದೆ ಅಪವರ್ತ್ಯಗಳನ್ನು ಗುರುತಿಸುವುದು ಹೇಗೆ? 7ಕ್ಕೆ ಆ ಉಪಾಯ ಯಾಕೆ ನಡೆಯುವುದಿಲ್ಲ? ಸೊನ್ನೆಯನ್ನೂ ಅಪವರ್ತ್ಯ ಎನ್ನಬಹುದೇ?

ಉತ್ತರ: ನಿಮ್ಮ ಮಗಳ ಉತ್ತರ ತಪ್ಪು, ಆದರೆ ಅದಕ್ಕೆ ಅವಳು ಕಾರಣ ಕೊಟ್ಟಿದ್ದಾಳೆ. ಕಾರಣ ಕೊಡುವ ಮಗುವಿಗೆ ತಿದ್ದಿ ಹೇಳುವುದು ಸುಲಭ. ಅವಳು ಎಡವಿದ್ದು ಒಂದೇ ಕಡೆ: ಮಗ್ಗಿಯ ಕೊನೆಯನ್ನು ಅಪವರ್ತ್ಯಗಳ ಕೊನೆ ಎಂದುಕೊಂಡಳು. ‘ಏಳೊಂದ್ಲ ಏಳು’ ಎಂದು ಶುರುವಾಗಿ ‘ಏಳ್ಹತ್ಲ ಎಪ್ಪತ್ತು’ ಎಂಬಲ್ಲಿಗೆ ನಾವು ನಿಲ್ಲಿಸುವುದು ನೆನಪಿಟ್ಟುಕೊಳ್ಳುವ ಅನುಕೂಲಕ್ಕೆ. ಸಂಖ್ಯೆಗಳು ಅಲ್ಲಿ ನಿಲ್ಲುವುದಿಲ್ಲ. 77, 84, 91, 98, 105 ಎಂದು ಏಳೇಳು ಹೆಜ್ಜೆ ಹಾಕಿಕೊಂಡು ಸಾಲು ಎಂದೆಂದಿಗೂ ಮುಂದುವರಿಯುತ್ತದೆ.

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ಅಪವರ್ತನ ಮತ್ತು ಅಪವರ್ತ್ಯ ಎಂಬ ಎರಡು ಪದಗಳು ಕಿವಿಗೆ ಒಂದೇ ತರಹ ಕೇಳಿಸುವುದರಿಂದ ದೊಡ್ಡವರೂ ಅದಲುಬದಲು ಮಾಡುತ್ತಾರೆ. 7 ಎಂಬುದು 91ರ ಅಪವರ್ತನ, 91 ಎಂಬುದು 7ರ ಅಪವರ್ತ್ಯ. ಸಂಬಂಧ ಒಂದೇ, ನೋಡುವ ದಿಕ್ಕು ಬೇರೆ. 12ರ ಅಪವರ್ತನಗಳನ್ನು ಎಣಿಸಿದರೆ 1, 2, 3, 4, 6, 12 ಎಂದು ಆರಕ್ಕೆ ಮುಗಿಯುತ್ತದೆ. 12ರ ಅಪವರ್ತ್ಯಗಳನ್ನು ಎಣಿಸಲು ಕೂತರೆ ಮುಗಿಯುವುದೇ ಇಲ್ಲ.

ಈಗ 91ಕ್ಕೆ ಬರೋಣ. ಮಗಳಿಗೆ ಹೀಗೆ ಹೇಳಿ: 91ರಲ್ಲಿ ನಿನಗೆ ಗೊತ್ತಿರುವ ಎಪ್ಪತ್ತು ಇದೆ. ಅದನ್ನು ತೆಗೆದಿಡು. ಉಳಿದದ್ದು ಎಷ್ಟು? 21. ಅದು ಏಳರ ಮಗ್ಗಿಯಲ್ಲಿ ಇದೆಯೇ? ಇದೆ, ಏಳು ಮೂರ್ಲ ಇಪ್ಪತ್ತೊಂದು. ಅಂದರೆ ಏಳೇಳರ ಹತ್ತು ಕಟ್ಟು ಒಂದು ಕಡೆ, ಏಳೇಳರ ಮೂರು ಕಟ್ಟು ಇನ್ನೊಂದು ಕಡೆ. ಸೇರಿಸಿದರೆ ಏಳೇಳರ ಹದಿಮೂರು ಕಟ್ಟು, ಬಿಡಿಯಾಗಿ ಏನೂ ಉಳಿದಿಲ್ಲ. 91 ಏಳರ ಅಪವರ್ತ್ಯ.

ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಒಂದು ಸಂಖ್ಯೆಯ ಎರಡು ಅಪವರ್ತ್ಯಗಳನ್ನು ಕೂಡಿದರೂ ಕಳೆದರೂ ಬರುವುದು ಅದೇ ಸಂಖ್ಯೆಯ ಅಪವರ್ತ್ಯ. ಅಪವರ್ತ್ಯಕ್ಕೆ ಅಪವರ್ತ್ಯವಲ್ಲದ್ದನ್ನು ಕೂಡಿದರೆ ಬರುವುದು ಅಪವರ್ತ್ಯವಲ್ಲ. ಶಾಲೆಯಲ್ಲಿ 3ಕ್ಕೆ ಒಂದು, 4ಕ್ಕೆ ಒಂದು, 9ಕ್ಕೆ ಒಂದು, 11ಕ್ಕೆ ಒಂದು ಎಂದು ಭಾಜ್ಯತೆಯ ನಿಯಮಗಳನ್ನು ಬೇರೆಬೇರೆಯಾಗಿ ಕಲಿಸುತ್ತಾರೆ. ಅವೆಲ್ಲ ಈ ಒಂದೇ ಮಾತಿನ ಬೇರೆಬೇರೆ ರೂಪಗಳು. ಮಗು ಇದನ್ನು ಹಿಡಿದುಕೊಂಡರೆ ಯಾವ ನಿಯಮ ಮರೆತರೂ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ.

ಸ್ವಲ್ಪ ದೊಡ್ಡ ಸಂಖ್ಯೆಗಳ ಮೇಲೆ ಇದನ್ನು ಪ್ರಯೋಗಿಸಿ ನೋಡಿ. 343? ಹತ್ತಿರದಲ್ಲೇ 350 ಇದೆ, ಅದು ಏಳೈವತ್ತು. 350ಕ್ಕೆ 7 ಕಡಿಮೆ ಮಾಡಿದರೆ 343. ಆದ್ದರಿಂದ ಹೌದು, ಅದು ಏಳರ 49 ಕಟ್ಟು. 1,624? ಅದರಿಂದ 1,400 ತೆಗೆದರೆ 224 ಉಳಿಯುತ್ತದೆ, ಅದರಿಂದ 210 ತೆಗೆದರೆ 14. ಇದೂ ಹೌದು. ತೆಗೆದ ಕಟ್ಟುಗಳನ್ನು ಎಣಿಸಿದರೆ 200, 30, 2, ಒಟ್ಟು 232. ಪೂರ್ತಿ ಭಾಗಾಕಾರ ಬೇಡ ಎಂದಿರಿ. ಇದೂ ಒಂದು ರೀತಿಯ ಭಾಗಾಕಾರವೇ, ಆದರೆ ಕಾಗದದ ಮೇಲೆ ಗೆರೆ ಎಳೆದು ಮಾಡುವುದಲ್ಲ, ಗೊತ್ತಿರುವ ದೊಡ್ಡ ತುಂಡುಗಳನ್ನು ಕಿತ್ತಿಡುವುದು.

ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ 84ನ್ನು ನೋಡಿದ ರೀತಿ ಇನ್ನೂ ನೆನಪಿದೆ. ಉಳಿದವರು 70 ತೆಗೆದು 14 ಎನ್ನುತ್ತಿದ್ದಾಗ ಅವಳು, ‘84ರ ಅರ್ಧ 42. ಅದು ಏಳಾರ್ಲ. ಹಾಗಾದರೆ 84 ಏಳು ಹನ್ನೆರಡ್ಲ’ ಎಂದಳು. ಅಪವರ್ತ್ಯವನ್ನು ದುಪ್ಪಟ್ಟು ಮಾಡಿದರೂ ಅದು ಅಪವರ್ತ್ಯವೇ ಎಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಮಕ್ಕಳು ತಾವೇ ಕಂಡುಕೊಂಡ ಇಂಥ ದಾರಿಯನ್ನು ‘ಪುಸ್ತಕದಲ್ಲಿ ಇರುವಂತೆ ಮಾಡು’ ಎಂದು ಮುಚ್ಚಿಬಿಡಬಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಗುರುತಿಸುವುದಕ್ಕೆ ಬಳಸಿದ ದಾರಿಯೇ ಹುಡುಕುವುದಕ್ಕೂ ಸಾಕು. 500 ಆದಮೇಲೆ ಬರುವ ಏಳರ ಮೊದಲ ಅಪವರ್ತ್ಯ ಯಾವುದು? 490 ಗೊತ್ತು, ಅಲ್ಲಿಂದ 497, ಆಮೇಲೆ 504. ಎಷ್ಟಿವೆ ಎಂದು ಎಣಿಸುವಾಗ ಮಾತ್ರ ಎಚ್ಚರ ಬೇಕು. 100ರಿಂದ 200ರವರೆಗೆ 8ರ ಅಪವರ್ತ್ಯಗಳು ಎಷ್ಟು ಎಂದು ಕೇಳಿದರೆ, ನಡುವೆ ನೂರು ಇದೆ, ನೂರನ್ನು ಎಂಟರಿಂದ ಭಾಗಿಸಿದರೆ ಹನ್ನೆರಡು ಎಂದು ಬಹಳ ಮಕ್ಕಳು ಬರೆದುಬಿಡುತ್ತಾರೆ. ಸರಿಯಾದ ಉತ್ತರ 13. 200ರವರೆಗೆ 25 ಇವೆ, 100ರವರೆಗೆ 12 ಇವೆ, ಕೊನೆಯದು 96. 25ರಿಂದ 12 ಕಳೆಯಬೇಕು. ಸೊನ್ನೆಯಿಂದ ಎಣಿಸಿ, ಬೇಡವಾದದ್ದನ್ನು ಕಳೆಯುವುದೇ ಭದ್ರವಾದ ದಾರಿ.

ಇನ್ನು ಒಂದು ಹಾಳೆ ತೆಗೆದುಕೊಂಡು ಮಗಳ ಪಕ್ಕದಲ್ಲಿ ಕೂತುಕೊಳ್ಳಿ. 3ರ ಮೊದಲ ಹತ್ತು ಅಪವರ್ತ್ಯಗಳನ್ನು ಬರೆದು, ಪ್ರತಿಯೊಂದರ ಬಿಡಿಸ್ಥಾನದ ಅಂಕಿಯನ್ನು ಮಾತ್ರ ಸಾಲಾಗಿ ಕೆಳಗೆ ಇಳಿಸಲಿ:

3, 6, 9, 2, 5, 8, 1, 4, 7, 0

ಅದರ ಕೆಳಗೆ 7ರದ್ದು:

7, 4, 1, 8, 5, 2, 9, 6, 3, 0

ಎರಡೂ ಸಾಲುಗಳಲ್ಲಿ ಹತ್ತೂ ಅಂಕಿಗಳು ಒಂದೊಂದು ಸಲ ಬಂದಿವೆ. ಅಂದರೆ ಬಿಡಿಸ್ಥಾನವನ್ನು ಮಾತ್ರ ನೋಡಿ 3ರ ಅಪವರ್ತ್ಯವನ್ನಾಗಲಿ 7ರ ಅಪವರ್ತ್ಯವನ್ನಾಗಲಿ ಗುರುತಿಸಲು ಸಾಧ್ಯವೇ ಇಲ್ಲ. ಕೊನೆಯಲ್ಲಿ 3, 6, 9 ಬಂದರೆ ಮೂರರ ಅಪವರ್ತ್ಯ ಎಂದು ಹಲವು ಮಕ್ಕಳು ಭಾವಿಸಿರುತ್ತಾರೆ. 13, 16, 19 ಮೂರನ್ನೂ ತೋರಿಸಿ, ಮೂರೂ ಅಲ್ಲ. ಇನ್ನೊಂದು ಚೆಂದ ಗಮನಿಸಿ: ಕೊನೆಯ ಸೊನ್ನೆ ಬಿಟ್ಟು 3ರ ಸಾಲನ್ನು ಬಲದಿಂದ ಎಡಕ್ಕೆ ಓದಿದರೆ 7ರ ಸಾಲು ಬರುತ್ತದೆ. 3ಕ್ಕೆ 7 ಕೂಡಿದರೆ ಹತ್ತು, ಹಾಗಾಗಿ ಬಿಡಿಸ್ಥಾನದ ಮಟ್ಟಿಗೆ ಏಳು ಮುಂದೆ ಹೋಗುವುದೂ ಮೂರು ಹಿಂದೆ ಬರುವುದೂ ಒಂದೇ. 4 ಮತ್ತು 6, 2 ಮತ್ತು 8, 1 ಮತ್ತು 9 ಇವೂ ಇಂಥ ಜೋಡಿಗಳೇ. ಮಗಳು ಬರೆದು ನೋಡಲಿ.

2, 5, 10 ಮೂರಕ್ಕೆ ಮಾತ್ರ ಬಿಡಿಸ್ಥಾನವೇ ಪೂರ್ತಿ ಉತ್ತರ ಕೊಡುತ್ತದೆ. ಯಾಕೆಂದರೆ ಹತ್ತು ಎಂಬುದು ಈ ಮೂರಕ್ಕೂ ಅಪವರ್ತ್ಯ. 4,736 ಎಂಬುದರಲ್ಲಿ 4,730 ಹತ್ತು ಹತ್ತರ ಕಟ್ಟುಗಳು, ಅವನ್ನು ಪಕ್ಕಕ್ಕಿಟ್ಟರೆ ಪರೀಕ್ಷೆಗೆ ಉಳಿಯುವುದು 6 ಒಂದೇ. 4ಕ್ಕೆ ಹತ್ತು ಸಾಲದು, ನೂರು ಬೇಕು, ನೂರು ನಾಲ್ಕರ ಅಪವರ್ತ್ಯ. ಹಾಗಾಗಿ ಕೊನೆಯ ಎರಡು ಅಂಕಿ ನೋಡಿದರೆ ಸಾಕು. ಇಲ್ಲಿ 36, ಆದ್ದರಿಂದ ಹೌದು. 8ಕ್ಕೆ ಸಾವಿರ ಬೇಕು, ಕೊನೆಯ ಮೂರು ಅಂಕಿ ನೋಡಬೇಕು. 736ನ್ನು ನೋಡುವಾಗ ಒಂದು ಸುಲಭ ದಾರಿ ಇದೆ: ನೂರರ ಸ್ಥಾನದ ಅಂಕಿ ಸಮವಾಗಿದ್ದರೆ ಕೊನೆಯ ಎರಡಂಕಿ ಸಂಖ್ಯೆಯನ್ನು ಹಾಗೆಯೇ ಪರೀಕ್ಷಿಸಿ, ಬೆಸವಾಗಿದ್ದರೆ ಅದಕ್ಕೆ 4 ಕೂಡಿ ಪರೀಕ್ಷಿಸಿ. 7 ಬೆಸ, 36ಕ್ಕೆ 4 ಕೂಡಿದರೆ 40, ಎಂಟೈದ್ಲ ನಲವತ್ತು, ಆದ್ದರಿಂದ 4,736 ಎಂಟರ ಅಪವರ್ತ್ಯ. 200 ಎಂಟರ ಅಪವರ್ತ್ಯವಾಗಿರುವುದೂ 100ನ್ನು ಎಂಟರಿಂದ ಭಾಗಿಸಿದರೆ 4 ಉಳಿಯುವುದೂ ಇದಕ್ಕೆ ಕಾರಣ.

ನಾಲ್ಕರ ನಿಯಮ ನಾವೆಲ್ಲ ಬಳಸುವ ಕ್ಯಾಲೆಂಡರ್‌ನಲ್ಲೇ ಕೂತಿದೆ. 1582ರಲ್ಲಿ ಜಾರಿಗೆ ಬಂದ ಗ್ರೆಗೋರಿಯನ್ ಪದ್ಧತಿಯಲ್ಲಿ 4ರ ಅಪವರ್ತ್ಯವಾದ ವರ್ಷಕ್ಕೆ 366 ದಿನ. ಆದರೆ 100ರ ಅಪವರ್ತ್ಯವಾದ ವರ್ಷಕ್ಕೆ ಆ ಹೆಚ್ಚಿನ ದಿನ ಇಲ್ಲ, 400ರ ಅಪವರ್ತ್ಯವಾದರೆ ಮತ್ತೆ ಇದೆ. ಹಾಗಾಗಿ 1900 ಅಧಿಕ ವರ್ಷ ಆಗಿರಲಿಲ್ಲ, 2000 ಆಗಿತ್ತು, 2100 ಆಗುವುದಿಲ್ಲ. ಏಳೂ ಇಲ್ಲೇ ಇದೆ. ಈ ಪದ್ಧತಿಯಲ್ಲಿ 400 ವರ್ಷಕ್ಕೆ 1,46,097 ದಿನ. 1,40,000 ತೆಗೆಯಿರಿ, ಉಳಿದದ್ದು 6,097. ಅದರಿಂದ 5,600 ತೆಗೆದರೆ 497. ಅದು 490ಕ್ಕೆ 7 ಕೂಡಿದ್ದು. ಅಂದರೆ 400 ವರ್ಷ ಎಂಬುದು ವಾರಗಳ ಲೆಕ್ಕದಲ್ಲಿ ಒಂದು ದಿನವೂ ಹೆಚ್ಚು ಕಡಿಮೆ ಇಲ್ಲದ ಪೂರ್ಣಸಂಖ್ಯೆ, ಹಾಗಾಗಿ 400 ವರ್ಷಕ್ಕೊಮ್ಮೆ ದಿನಾಂಕ ಮತ್ತು ವಾರ ಎರಡೂ ಮೊದಲಿನಂತೆಯೇ ಕೂಡಿ ಬರುತ್ತವೆ. ಈ ಲೆಕ್ಕವನ್ನು ಮೊದಲ ಸಲ ಕೈಯಾರೆ ಮಾಡಿದ ದಿನ ನನಗೆ ಆದ ಸಂತೋಷ ದೊಡ್ಡದು.

ನಿಮ್ಮ ಎರಡನೆಯ ಪ್ರಶ್ನೆ ಬಹಳ ಒಳ್ಳೆಯದು, ಅದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರಿಸುತ್ತೇನೆ. 9ಕ್ಕೆ ಅಂಕಿಗಳನ್ನು ಕೂಡುವುದು ಯಾಕೆ ನಡೆಯುತ್ತದೆ? 5,274 ತೆಗೆದುಕೊಳ್ಳಿ. ಇದು 5 ಸಾವಿರ, 2 ನೂರು, 7 ಹತ್ತು, 4 ಬಿಡಿ. ಒಂದು ಸಾವಿರದಲ್ಲಿ 999 ಒಂಬತ್ತರ ಅಪವರ್ತ್ಯ, ಅದನ್ನು ಪಕ್ಕಕ್ಕಿಟ್ಟರೆ ಉಳಿಯುವುದು 1. ಐದು ಸಾವಿರದಿಂದ ಹೀಗೆ ಉಳಿಯುವುದು 5. ನೂರರಲ್ಲಿ 99 ಹೋಗಿ 1, ಎರಡು ನೂರಿಂದ 2. ಹತ್ತರಲ್ಲಿ 9 ಹೋಗಿ 1, ಏಳು ಹತ್ತುಗಳಿಂದ 7. ಬಿಡಿಯ 4 ಹಾಗೆಯೇ. ಉಳಿದದ್ದನ್ನು ಗುಡ್ಡೆ ಹಾಕಿದರೆ 5, 2, 7, 4 ಸೇರಿ 18. ಅಂಕಿಗಳ ಮೊತ್ತ ಎಂದರೆ ಇದೇ: ಒಂಬತ್ತರ ಕಟ್ಟುಗಳನ್ನೆಲ್ಲ ಆಚೆ ಹಾಕಿದ ಮೇಲೆ ನೆಲದಲ್ಲಿ ಉಳಿದ ಗುಡ್ಡೆ. 18 ಒಂಬತ್ತರ ಅಪವರ್ತ್ಯ, ಆದ್ದರಿಂದ 5,274 ಕೂಡ. 9, 99, 999 ಎಲ್ಲವೂ ಮೂರರ ಅಪವರ್ತ್ಯಗಳೂ ಆಗಿರುವುದರಿಂದ ಅದೇ ಗುಡ್ಡೆ 3ಕ್ಕೂ ಸಾಕು.

7ರಲ್ಲಿ ಹೀಗೆ ಆಗುವುದಿಲ್ಲ. ಹತ್ತರಿಂದ ಏಳರ ಕಟ್ಟು ತೆಗೆದರೆ ಉಳಿಯುವುದು 1 ಅಲ್ಲ, 3. ನೂರರಿಂದ 98 ತೆಗೆದರೆ 2. ಸಾವಿರದಿಂದ 994 ತೆಗೆದರೆ 6. ಹತ್ತು ಸಾವಿರದಿಂದ ಉಳಿಯುವುದು 4, ಲಕ್ಷದಿಂದ 5, ಹತ್ತು ಲಕ್ಷಕ್ಕೆ ಮತ್ತೆ 1. ಪ್ರತಿ ಸ್ಥಾನಕ್ಕೂ ಒಂದೊಂದು ತೂಕ ಇದೆ: ಬಿಡಿಯಿಂದ ಎಡಕ್ಕೆ 1, 3, 2, 6, 4, 5. ಅಂಕಿಗಳನ್ನು ಹಾಗೆಯೇ ಕೂಡಿದರೆ ಎಲ್ಲಕ್ಕೂ ತೂಕ 1 ಎಂದುಕೊಂಡಂತೆ; ನಿಮ್ಮ ಮಗಳು ಮಾಡುತ್ತಿರುವ ತಪ್ಪು ಇದೇ. 34ರ ಅಂಕಿಗಳನ್ನು ಕೂಡಿದರೆ 7 ಬರುತ್ತದೆ, ಆದರೆ 34 ಏಳರ ಅಪವರ್ತ್ಯ ಅಲ್ಲ. 21ರ ಅಂಕಿಗಳನ್ನು ಕೂಡಿದರೆ 3, ಆದರೆ 21 ಏಳರ ಅಪವರ್ತ್ಯ. ತೂಕ ಹಚ್ಚಿ ಕೂಡಿದರೆ ಉತ್ತರ ಸರಿ ಬರುತ್ತದೆ. 5,274ಕ್ಕೆ 4×1, 7×3, 2×2, 5×6, ಅಂದರೆ 4, 21, 4, 30, ಒಟ್ಟು 59. 59ರಿಂದ 56 ತೆಗೆದರೆ 3. ಆದ್ದರಿಂದ ಅಲ್ಲ, ಮತ್ತು 5,274ನ್ನು ಏಳರಿಂದ ಭಾಗಿಸಿದರೆ ಬರುವ ಶೇಷವೂ ಇದೇ 3.

ಯಾವುದೇ ಸಂಖ್ಯೆಗೆ ಇಂಥ ತೂಕಗಳನ್ನು ಕಟ್ಟಿಕೊಳ್ಳುವ ಸಾಮಾನ್ಯ ವಿಧಾನವನ್ನು ಫ್ರಾನ್ಸಿನ ಗಣಿತಜ್ಞ ಬ್ಲೇಸ್ ಪಾಸ್ಕಲ್ ಒಂದು ಕಿರು ಬರಹದಲ್ಲಿ ಕೊಟ್ಟ. ಅವನು ತೀರಿಕೊಂಡದ್ದು 1662ರಲ್ಲಿ, ಬರಹ ಅಚ್ಚಾದದ್ದು 1665ರಲ್ಲಿ. 11ಕ್ಕೂ ಇದನ್ನೇ ಮಾಡಿ ನೋಡಿ: ಹತ್ತು ಎಂದರೆ 11ಕ್ಕೆ ಒಂದು ಕಡಿಮೆ, ನೂರು ಎಂದರೆ 99ಕ್ಕೆ ಒಂದು ಹೆಚ್ಚು, ಸಾವಿರ ಎಂದರೆ 1,001ಕ್ಕೆ ಒಂದು ಕಡಿಮೆ. ಹಾಗಾಗಿ ಅಂಕಿಗಳನ್ನು ಬಿಡಿಯಿಂದ ಒಂದು ಕೂಡಿ ಒಂದು ಕಳೆಯುತ್ತ ಹೋಗಬೇಕು. 2,728ಕ್ಕೆ 8−2+7−2 ಎಂದರೆ 11, ಆದ್ದರಿಂದ ಅದು 11ರ ಅಪವರ್ತ್ಯ.

ಐದನೇ ತರಗತಿಯ ಮಗುವಿಗೆ 1, 3, 2, 6, 4, 5 ನೆನಪಿಡು ಎನ್ನುವುದು ಹೊರೆ. 7ಕ್ಕೆ ಇನ್ನೊಂದು ಉಪಾಯ ಇದೆ, ಅವಳಿಗೆ ಅದು ಆಟದಂತೆ ಇರುತ್ತದೆ. ಬಿಡಿಸ್ಥಾನದ ಅಂಕಿಯನ್ನು ಕತ್ತರಿಸಿ, ದುಪ್ಪಟ್ಟು ಮಾಡಿ, ಉಳಿದ ಸಂಖ್ಯೆಯಿಂದ ಕಳೆಯಿರಿ. 1,624ರಲ್ಲಿ 4ನ್ನು ಕತ್ತರಿಸಿದರೆ 162 ಉಳಿಯಿತು. 4ರ ದುಪ್ಪಟ್ಟು 8 ಕಳೆದರೆ 154. ಮತ್ತೆ 4 ಕತ್ತರಿಸಿ 15ರಿಂದ 8 ಕಳೆದರೆ 7. ಆದ್ದರಿಂದ ಹೌದು. ಇದರ ಗುಟ್ಟು 21ರಲ್ಲಿದೆ. ಬಿಡಿಸ್ಥಾನದಲ್ಲಿ 4 ಇದ್ದರೆ ನಾವು ನಿಜವಾಗಿ ಕಳೆಯುತ್ತಿರುವುದು 21×4, ಅಂದರೆ 84. ಬಿಡಿಯ 4 ಹೋಯಿತು, ಹತ್ತರ ಕಡೆಯಿಂದ 8 ಹೋಯಿತು. 1,624ರಿಂದ 84 ಹೋದರೆ 1,540. ಕೊನೆಯ ಸೊನ್ನೆಯನ್ನು ಬಿಟ್ಟರೂ ತೊಂದರೆ ಇಲ್ಲ, ಏಕೆಂದರೆ 10ಕ್ಕೂ 7ಕ್ಕೂ 1ರ ಹೊರತು ಬೇರೆ ಸಾಮಾನ್ಯ ಅಪವರ್ತನ ಇಲ್ಲ. ಆದರೆ ಇಲ್ಲಿ ಒಂದು ಎಚ್ಚರ: ಈ ಉಪಾಯ ಹೌದು ಅಲ್ಲ ಎಂದಷ್ಟೇ ಹೇಳುತ್ತದೆ, ಶೇಷ ಎಷ್ಟು ಎಂದು ಹೇಳುವುದಿಲ್ಲ. ಮೂರಂಕಿಯವರೆಗಿನ ಸಂಖ್ಯೆಗೆ ನಾನಂತೂ 70, 140, 210, 350ಗಳನ್ನು ಕಿತ್ತಿಡುವ ದಾರಿಯನ್ನೇ ಮೇಲು ಎನ್ನುತ್ತೇನೆ.

6ಕ್ಕೆ ಬೇರೆ ನಿಯಮ ಬೇಕಿಲ್ಲ. 2ಕ್ಕೂ 3ಕ್ಕೂ ಅಪವರ್ತ್ಯವಾದರೆ 6ಕ್ಕೆ ಆಯಿತು; 3ಕ್ಕೂ 4ಕ್ಕೂ ಆದರೆ 12ಕ್ಕೆ. ಇಲ್ಲಿ ಒಂದು ಹಳ್ಳ ಇದೆ. 4ಕ್ಕೂ 6ಕ್ಕೂ ಅಪವರ್ತ್ಯವಾದದ್ದು 24ಕ್ಕೂ ಆಗಲೇಬೇಕು ಎಂದು ಮಕ್ಕಳು ಮುಂದುವರಿಸಿಬಿಡುತ್ತಾರೆ. 36 ನಾಲ್ಕಕ್ಕೂ ಆರಕ್ಕೂ ಅಪವರ್ತ್ಯ, ಆದರೆ 24ಕ್ಕೆ ಅಲ್ಲ. 4 ಮತ್ತು 6 ಎರಡರಲ್ಲೂ 2 ಅಡಗಿದೆ, ಒಂದೇ 2ನ್ನು ನಾವು ಎರಡು ಸಲ ಎಣಿಸಿದೆವು. ಎರಡು ಸಂಖ್ಯೆಗಳಿಗೆ ಹೀಗೆ ಹಂಚಿಕೊಂಡ ಅಪವರ್ತನ ಇಲ್ಲದಿದ್ದರೆ ಮಾತ್ರ ಗುಣಿಸಬಹುದು, ಇದ್ದರೆ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡಕ್ಕೂ ಅಪವರ್ತ್ಯವಾದ ಅತಿ ಚಿಕ್ಕ ಸಂಖ್ಯೆ) ತೆಗೆಯಬೇಕು, 4 ಮತ್ತು 6ಕ್ಕೆ ಅದು 12.

ಸೊನ್ನೆ? ಹೌದು, ಸೊನ್ನೆ ಎಲ್ಲ ಸಂಖ್ಯೆಗಳ ಅಪವರ್ತ್ಯ. ಏಳನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಶೇಷ ಇಲ್ಲ. ‘7ರ ಮೊದಲ ಐದು ಅಪವರ್ತ್ಯಗಳನ್ನು ಬರೆಯಿರಿ’ ಎಂದು ಶಾಲೆಯಲ್ಲಿ ಕೇಳಿದಾಗ 7ರಿಂದ ಶುರು ಮಾಡುವುದು ರೂಢಿ, ಪರೀಕ್ಷೆಯಲ್ಲಿ ಹಾಗೆಯೇ ಬರೆಯಲಿ. ಆದರೆ ‘ಸೊನ್ನೆ ಅಪವರ್ತ್ಯ ಅಲ್ಲ’ ಎಂದು ಅವಳ ತಲೆಯಲ್ಲಿ ಕೂರಿಸಬೇಡಿ. 7ರಿಂದ 7 ಕಳೆದರೆ ಬರುವುದು ಸೊನ್ನೆ. ಅದನ್ನು ಹೊರಗಿಟ್ಟರೆ, ಅಪವರ್ತ್ಯದಿಂದ ಅಪವರ್ತ್ಯ ಕಳೆದರೆ ಅಪವರ್ತ್ಯ ಎಂಬ ನಮ್ಮ ಮೂಲದ ಮಾತೇ ಮುರಿಯುತ್ತದೆ.

ಕೊನೆಗೆ ಅವಳ ಕೈಗೆ ಕೆಲಸ ಕೊಡಿ. 1ರಿಂದ 100ರವರೆಗೆ ಸಾಲಿಗೆ ಹತ್ತರಂತೆ ಬರೆದು, 9ರ ಅಪವರ್ತ್ಯಗಳಿಗೆ ಬಣ್ಣ ಹಚ್ಚಲಿ. 9, 18, 27 ಎಂದು ಒಂದು ಮನೆ ಕೆಳಗೆ, ಒಂದು ಮನೆ ಎಡಕ್ಕೆ ಓರೆಯಾಗಿ ಇಳಿಯುತ್ತವೆ. 5ರವು ನೆಟ್ಟಗೆ ಎರಡು ಕಂಬಗಳಾಗಿ ನಿಲ್ಲುತ್ತವೆ. 7ರವು ಚದುರಿದಂತೆ ಕಾಣುತ್ತವೆ. ಆಗ ಅದೇ ಸಂಖ್ಯೆಗಳನ್ನು ಇನ್ನೊಂದು ಹಾಳೆಯಲ್ಲಿ ಸಾಲಿಗೆ ಏಳರಂತೆ ಬರೆಯಲು ಹೇಳಿ. ಚದುರಿದ್ದ ಏಳುಗಳು ಬಲ ಅಂಚಿನಲ್ಲಿ ಒಂದೇ ಕಂಬವಾಗಿ ನಿಂತುಬಿಡುತ್ತವೆ. ಚದುರಿದಂತೆ ಕಂಡದ್ದು ನಾವು ಹತ್ತು ಹತ್ತಾಗಿ ಬರೆಯುವುದರಿಂದ ಎಂದು ಅವಳಿಗೆ ಕಣ್ಣಿಗೇ ಕಾಣುತ್ತದೆ.

ಆಮೇಲೆ ಈ ಐದನ್ನು ಕೇಳಿ: 119, 133, 143, 161, 217. ಇವುಗಳಲ್ಲಿ ಒಂದು ಮಾತ್ರ ಏಳರ ಅಪವರ್ತ್ಯ ಅಲ್ಲ. ಯಾವುದು ಎಂದು ಹೇಳಿದರೆ ಸಾಲದು, ಯಾವ ತುಂಡನ್ನು ಕಿತ್ತಿಟ್ಟೆ ಎಂದೂ ಹೇಳಲಿ. 133ಕ್ಕೆ ಅವಳು ‘70 ತೆಗೆದೆ, 63 ಉಳಿಯಿತು’ ಎನ್ನಬಹುದು, ‘140ಕ್ಕೆ ಏಳು ಕಡಿಮೆ’ ಎಂದೂ ಎನ್ನಬಹುದು. ಎರಡೂ ಸರಿ.